ಕೀಲಿ ಇಲ್ಲದ ಪೆಟ್ಟಿಗೆ
(ವಾರ್ಷಿಕ ಸಮಾರಂಭದಲ್ಲಿ ಶಿಕ್ಷಕರು ಮತ್ತು ಪಾಲಕರನ್ನು ಉದ್ದೇಶಿಸಿ ಮಾಡಿದ ಉಪನ್ಯಾಸದ ಬರಹ ರೂಪ)



ಇಂದು ನನಗೆ ಕೊಟ್ಟಿರುವ ವಿಷಯ ಕಂಪ್ಯೂಟರಿನಲ್ಲಿರುವ ಕಡತಗಳ ಗೂಢಲಿಪೀಕರಣ. ಹೆಸರು ಕೇಳಿ ಹೆದರಬೇಡಿ. ನಾನು ಕಂಪ್ಯೂಟರ್ ಇಂಜಿನಿಯರ್ ಅಲ್ಲ. ಉರ್ದು ಮತ್ತು ಕನ್ನಡ ಕಲಿಸುವ ಬಿ.ಇಡಿ. ಶಿಕ್ಷಕಿ. ನನ್ನದೇ ತಪ್ಪಿನಿಂದ ಈ ವಿಷಯ ಕಲಿಯಬೇಕಾಯಿತು. ಆದ್ದರಿಂದ ಆ ತಪ್ಪಿನಿಂದಲೇ ಮಾತು ಆರಂಭಿಸುತ್ತೇನೆ.

2018ರಲ್ಲಿ ವಿದ್ಯಾರ್ಥಿವೇತನದ ಅರ್ಜಿ ತುಂಬುವ ದಿನಗಳು. ಆ ಕೆಲಸ ಹೇಗಿರುತ್ತದೆ ಎಂಬುದು ನಿಮಗೆಲ್ಲ ಗೊತ್ತು. ಮಗುವಿನ ಫೋಟೊ, ಆಧಾರ್ ಪ್ರತಿ, ಬ್ಯಾಂಕಿನ ಪಾಸ್‌ಬುಕ್, ಆದಾಯ ಮತ್ತು ಜಾತಿ ಪ್ರಮಾಣಪತ್ರ, ತಂದೆಯ ಮೊಬೈಲ್ ನಂಬರ್ ಎಲ್ಲವೂ ಬೇಕು. ಎಪ್ಪತ್ತಕ್ಕೂ ಹೆಚ್ಚು ಮಕ್ಕಳ ಕಾಗದಗಳನ್ನು ಸ್ಕ್ಯಾನ್ ಮಾಡಿ, ಪ್ರತಿ ಮಗುವಿನ ಹೆಸರಿನಲ್ಲಿ ಒಂದು ಫೋಲ್ಡರ್ ಮಾಡಿ, ಒಂದು ಪೆನ್‌ಡ್ರೈವ್‌ನಲ್ಲಿ ಇಟ್ಟುಕೊಂಡಿದ್ದೆ. ಬಹಳ ಅಚ್ಚುಕಟ್ಟಾಗಿ ಮಾಡಿದ್ದೇನೆ ಎಂಬ ಹೆಮ್ಮೆಯೂ ಇತ್ತು. ಆಳಂದದಲ್ಲಿ ಪ್ರಿಂಟ್ ತೆಗೆಸಿ ಬಸ್ಸಿನಲ್ಲಿ ಭೂಸನೂರಿಗೆ ಬಂದು ಇಳಿದಾಗ ಚೀಲದಲ್ಲಿ ಪೆನ್‌ಡ್ರೈವ್ ಇರಲಿಲ್ಲ. ಬಸ್ಸಿನಲ್ಲಿ ಬಿತ್ತೋ, ಅಂಗಡಿಯಲ್ಲೇ ಉಳಿಯಿತೋ, ಇಂದಿಗೂ ತಿಳಿದಿಲ್ಲ. ಮೂಲ ಪ್ರತಿ ಮನೆಯ ಕಂಪ್ಯೂಟರಿನಲ್ಲಿ ಇತ್ತು. ಕೆಲಸ ನಿಲ್ಲಲಿಲ್ಲ. ಮುನ್ನೂರು ರೂಪಾಯಿಯ ವಸ್ತು ಹೋಯಿತೆಂದು ಸುಮ್ಮನಾದೆ. ಯಾರಿಗೂ ಹೇಳಲಿಲ್ಲ.

ಎರಡು ವಾರದ ನಂತರ ಒಂಬತ್ತನೇ ತರಗತಿಯ ಒಬ್ಬ ಹುಡುಗಿ ಶಾಲೆಗೆ ಬರುವುದನ್ನು ನಿಲ್ಲಿಸಿದಳು. ಮನೆಗೆ ಹೋಗಿ ವಿಚಾರಿಸಿದೆ. ಯಾರೋ ಅಪರಿಚಿತ ಗಂಡಸು ಮನೆಗೆ ಫೋನ್ ಮಾಡಿ, ಹುಡುಗಿಯ ಪೂರ್ಣ ಹೆಸರು, ತಂದೆಯ ಹೆಸರು, ತರಗತಿ, ಬ್ಯಾಂಕಿನ ಹೆಸರು ಎಲ್ಲ ಹೇಳಿ, "ನಿಮ್ಮ ಮಗಳ ಸ್ಕಾಲರ್‌ಶಿಪ್ ಬಂದಿದೆ, ಫೋನಿಗೆ ಬಂದ ನಂಬರ್ ಹೇಳಿ" ಎಂದಿದ್ದ. ತಂದೆ ಹೇಳಲಿಲ್ಲ, ಹಣ ಉಳಿಯಿತು. ಆದರೆ ಮರುದಿನವೂ ಅದೇ ಧ್ವನಿ ಫೋನ್ ಮಾಡಿ ಹುಡುಗಿಗೇ ಕೊಡಿ ಎಂದಿತು. ಅಂದಿನಿಂದ ಶಾಲೆ ಬೇಡವೆಂದು ಮನೆಯಲ್ಲಿ ತೀರ್ಮಾನವಾಗಿತ್ತು.

ಆ ಕರೆ ನನ್ನ ಪೆನ್‌ಡ್ರೈವಿನಿಂದಲೇ ಹುಟ್ಟಿತೆಂದು ನಾನು ಸಿದ್ಧಪಡಿಸಲಾರೆ. ಅಲ್ಲವೆಂದು ಹೇಳುವ ಧೈರ್ಯವೂ ನನಗಿಲ್ಲ. ಮೂರನೇ ಸಲ ಅವರ ಮನೆಗೆ ಹೋದಾಗ ನಡೆದದ್ದನ್ನೆಲ್ಲ ಹೇಳಿಬಿಟ್ಟೆ. ಹುಡುಗಿಯ ತಂದೆ ಕಬ್ಬಿನ ಗಾಡಿ ಹೊಡೆಯುವವರು. ಸಿಟ್ಟು ಮಾಡಲಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದರು: "ನಮ್ಮ ಮನ್ಯಾಗಿನ ಹಳಿ ಟ್ರಂಕಿಗೂ ಒಂದು ಕೀಲಿ ಅದರಿ ಟೀಚರ್. ನಿಮ್ಮ ಅದಕ್ಕ ಕೀಲಿ ಇರಲ್ಲೇನ್ರಿ?"

ಇರುತ್ತದೆ ಎಂಬುದೇ ನನಗೆ ಆಗ ತಿಳಿದಿರಲಿಲ್ಲ. ಬಂಧುಗಳೇ, ಈ ಉಪನ್ಯಾಸ ಆ ಪ್ರಶ್ನೆಗೆ ನಾನು ತಡವಾಗಿ ಕೊಡುತ್ತಿರುವ ಉತ್ತರ.

ಹೆಸರು, ನಂಬರ್ ಪರರ ಕೈಗೆ ಹೋದರೆ ಏನು ಮಹಾ ನಷ್ಟ ಎಂದು ಕೇಳುವವರಿದ್ದಾರೆ. ನಮ್ಮ ಆಳಂದವೇ ಅದಕ್ಕೆ ಉದಾಹರಣೆ. 2023ರ ವಿಧಾನಸಭಾ ಚುನಾವಣೆಗೆ ಮುಂಚೆ ಆಳಂದ ಕ್ಷೇತ್ರದ ಮತದಾರರ ಪಟ್ಟಿಯಿಂದ ಹೆಸರು ತೆಗೆಯಬೇಕೆಂದು 6,018 ಅರ್ಜಿಗಳು ಆನ್‌ಲೈನ್ ಮೂಲಕ ಬಂದವು. ಅಧಿಕಾರಿಗಳು ಮನೆ ಮನೆಗೆ ಹೋಗಿ ಪರಿಶೀಲಿಸಿದಾಗ ಸರಿಯಾದವು ಕೇವಲ 24. ಉಳಿದವುಗಳನ್ನು ತಿರಸ್ಕರಿಸಿದರು. ಅರ್ಜಿದಾರರೆಂದು ಯಾರ ಹೆಸರಿತ್ತೋ ಅವರಲ್ಲಿ ಕೆಲವರು ತಾವು ಅರ್ಜಿಯನ್ನೇ ಹಾಕಿಲ್ಲ ಎಂದರು. 2023ರ ಫೆಬ್ರವರಿಯಲ್ಲಿ ಪೊಲೀಸ್ ಪ್ರಕರಣ ದಾಖಲಾಯಿತು. ಮುಂದೆ ಸಿಐಡಿ, 2025ರಲ್ಲಿ ವಿಶೇಷ ತನಿಖಾ ತಂಡ ಇದರ ಹಿಂದೆ ಬಿದ್ದವು. ಇದರ ರಾಜಕೀಯ ನಮಗೆ ಇಲ್ಲಿ ಬೇಡ. ನಮ್ಮ ಕಡತಗಳಿಗೆ ಕೀಲಿ ಹಾಕಿದ್ದರೆ ಇದು ತಪ್ಪುತ್ತಿತ್ತು ಎಂದೂ ನಾನು ಹೇಳುತ್ತಿಲ್ಲ. ಒಬ್ಬನ ಹೆಸರನ್ನು ಅವನಿಗೇ ಗೊತ್ತಿಲ್ಲದಂತೆ ಇನ್ನೊಬ್ಬ ಬಳಸಬಲ್ಲ ಎಂಬುದಕ್ಕೆ ದೂರದ ಅಮೆರಿಕದ ಕಥೆ ಬೇಕಿಲ್ಲ ಎಂದಷ್ಟೇ ನನ್ನ ಮಾತು.

ಈಗ ಕೀಲಿಯ ವಿಷಯಕ್ಕೆ ಬರೋಣ. ಗೂಢಲಿಪೀಕರಣ ಅಥವಾ ಎನ್‌ಕ್ರಿಪ್ಷನ್ ಎಂದರೆ ಬರಹವನ್ನು ಗೊತ್ತಿರುವ ಒಂದು ನಿಯಮದಿಂದ ಕಲಸಿಬಿಡುವುದು, ಕೀಲಿ ಇದ್ದವರು ಮಾತ್ರ ಮತ್ತೆ ಜೋಡಿಸುವಂತೆ ಮಾಡುವುದು. ನಮ್ಮ ವರ್ಣಮಾಲೆಯಿಂದಲೇ ಇದನ್ನು ತರಗತಿಯಲ್ಲಿ ತೋರಿಸಬಹುದು. ಪ್ರತಿ ವ್ಯಂಜನದ ಬದಲು ಅದರ ಮುಂದಿನ ವ್ಯಂಜನ ಬರೆಯಿರಿ. 'ಕಮಲ' ಎಂಬುದು 'ಖಯವ' ಆಗುತ್ತದೆ. ನೋಡಿದವರಿಗೆ ಅರ್ಥವಾಗದು. ನಿಯಮ ತಿಳಿದವರು ಒಂದೊಂದು ಹೆಜ್ಜೆ ಹಿಂದೆ ಬಂದು ಓದುತ್ತಾರೆ. ಆದರೆ ಈ ಕೀಲಿ ಬಹಳ ದುರ್ಬಲ. ಕನ್ನಡದಲ್ಲಿ ವ್ಯಂಜನಗಳು 34. ಹೆಚ್ಚೆಂದರೆ 33 ಸಲ ಜರುಗಿಸಿ ನೋಡಿದರೆ ಗುಟ್ಟು ರಟ್ಟು. ಏಳನೇ ತರಗತಿಯ ಮಕ್ಕಳು ಅರ್ಧ ಪಿರಿಯಡ್‌ನಲ್ಲಿ ಒಡೆದುಬಿಡುತ್ತಾರೆ.

ಇಂಥ ಗುಪ್ತ ಲಿಪಿಯನ್ನು ಶಾಸ್ತ್ರೀಯವಾಗಿ ಒಡೆಯುವ ದಾರಿಯನ್ನು ನಮಗೆ ತಿಳಿದಂತೆ ಮೊದಲು ಬರೆದಿಟ್ಟವರು 9ನೇ ಶತಮಾನದಲ್ಲಿ ಬಾಗ್ದಾದಿನಲ್ಲಿದ್ದ ವಿದ್ವಾಂಸ ಅಲ್-ಕಿಂದಿ. ಪ್ರತಿ ಭಾಷೆಯಲ್ಲೂ ಕೆಲವು ಅಕ್ಷರಗಳು ಹೆಚ್ಚು ಸಲ, ಕೆಲವು ಕಡಿಮೆ ಸಲ ಬರುತ್ತವೆ. ಗುಪ್ತ ಬರಹದಲ್ಲಿ ಯಾವ ಗುರುತು ಎಷ್ಟು ಸಲ ಬಂದಿದೆ ಎಂದು ಎಣಿಸಿ ಹೋಲಿಸಿದರೆ ಮೂಲ ಅಕ್ಷರ ತಾನಾಗಿ ಹೊರಬೀಳುತ್ತದೆ ಎಂದು ಅವರು ತೋರಿಸಿದರು. ಅವರ ಆ ಅರಬ್ಬೀ ಹಸ್ತಪ್ರತಿ ಇಸ್ತಾಂಬುಲ್‌ನಲ್ಲಿ 20ನೇ ಶತಮಾನದ ಕೊನೆಯ ಭಾಗದಲ್ಲಿ ಮತ್ತೆ ಬೆಳಕಿಗೆ ಬಂತು. ಭಾಷಾ ಶಿಕ್ಷಕರಿಗೂ ಈ ವಿದ್ಯೆಗೂ ಏನು ಸಂಬಂಧ ಎಂದು ಕೇಳುವವರಿಗೆ ನಾನು ಈ ಹೆಸರನ್ನು ಹೇಳುತ್ತೇನೆ. ಅಕ್ಷರ ಎಣಿಸುವವರಿಂದಲೇ ಈ ಶಾಸ್ತ್ರ ಬೆಳೆಯಿತು.

ಇಂದಿನ ಕಂಪ್ಯೂಟರ್ ಬಳಸುವ ವಿಧಾನದ ಹೆಸರು ಎಇಎಸ್. ಬೆಲ್ಜಿಯಂ ದೇಶದ ಯೋನ್ ಡಾಮನ್ ಮತ್ತು ವಿನ್ಸೆಂಟ್ ರೈಮನ್ ಎಂಬ ಇಬ್ಬರು ರೂಪಿಸಿದ ಇದನ್ನು ಅಮೆರಿಕ ಸರ್ಕಾರದ ಮಾನಕ ಸಂಸ್ಥೆ 2001ರಲ್ಲಿ ಒಪ್ಪಿಕೊಂಡಿತು. ವಿಧಾನವನ್ನು ಗುಟ್ಟಾಗಿ ಇಟ್ಟಿಲ್ಲ, ಯಾರು ಬೇಕಾದರೂ ಓದಬಹುದು. ಗುಟ್ಟಾಗಿರುವುದು ಕೀಲಿ ಮಾತ್ರ. ನಮ್ಮ ಅಕ್ಷರದ ಆಟದಲ್ಲಿ 33 ಕೀಲಿಗಳಿದ್ದವು. ಇಲ್ಲಿ 128 ಬಿಟ್‌ನ ಕೀಲಿಯಾದರೆ ಸಾಧ್ಯವಿರುವ ಕೀಲಿಗಳ ಸಂಖ್ಯೆ ಬರೆಯಲು 39 ಅಂಕಿ ಬೇಕು. 256 ಬಿಟ್‌ನದಾದರೆ 78 ಅಂಕಿ. ಒಂದೊಂದಾಗಿ ಹಾಕಿ ನೋಡಿ ತೆರೆಯುವುದು ಯಾವ ಕಂಪ್ಯೂಟರಿಗೂ ಆಗದ ಕೆಲಸ. ಆದ್ದರಿಂದ ಕಳ್ಳ ಕೀಲಿಯನ್ನು ಒಡೆಯಲು ಹೋಗುವುದಿಲ್ಲ. ನೀವಿಟ್ಟ ಪಾಸ್‌ವರ್ಡ್ ಊಹಿಸಲು ಹೋಗುತ್ತಾನೆ. ಇದನ್ನು ನೆನಪಿಡಿ.

ಯಾವುದು ಕೀಲಿ ಅಲ್ಲ ಎಂಬುದನ್ನೂ ಹೇಳಬೇಕು. ಏಕೆಂದರೆ ನಮ್ಮಲ್ಲಿ ಅನೇಕರು ಬಾಗಿಲ ಪರದೆಯನ್ನೇ ಕೀಲಿ ಎಂದುಕೊಂಡಿದ್ದೇವೆ. ಕಂಪ್ಯೂಟರ್ ಶುರುವಾಗುವಾಗ ಕೇಳುವ ಪಾಸ್‌ವರ್ಡ್ ಒಂದೇ ಇದ್ದರೆ ಸಾಲದು. ಹಾರ್ಡ್‌ಡಿಸ್ಕ್ ಬಿಚ್ಚಿ ಬೇರೆ ಕಂಪ್ಯೂಟರಿಗೆ ಜೋಡಿಸಿದರೆ, ಅಥವಾ ಪೆನ್‌ಡ್ರೈವಿನಿಂದ ಲಿನಕ್ಸ್ ಶುರು ಮಾಡಿದರೆ, ಎಲ್ಲ ಕಡತಗಳೂ ತೆರೆದ ಪುಸ್ತಕ. ಫೋಲ್ಡರನ್ನು 'ಹಿಡನ್' ಮಾಡುವುದು, ಹೆಸರು ಬದಲಿಸುವುದು, ಎಕ್ಸೆಲ್‌ನಲ್ಲಿ ಶೀಟ್ ತಿದ್ದದಂತೆ 'ಪ್ರೊಟೆಕ್ಟ್' ಮಾಡುವುದು, ಇವು ಯಾವುವೂ ಗೂಢಲಿಪೀಕರಣವಲ್ಲ.

ನಿಜವಾದ ಕೀಲಿ ಹಾಕುವ ದಾರಿ ಮೂರು ಬಗೆ: ಒಂದು ಕಾಗದಕ್ಕೆ, ಒಂದು ಪೆಟ್ಟಿಗೆಗೆ, ಇಡೀ ಮನೆಗೆ.

ಮೊದಲನೆಯದು ಒಂದು ಕಡತಕ್ಕೆ. ವರ್ಡ್ ಅಥವಾ ಎಕ್ಸೆಲ್‌ನಲ್ಲಿ ಫೈಲ್, ಇನ್ಫೊ, ಪ್ರೊಟೆಕ್ಟ್ ಎಂಬಲ್ಲಿ ಹೋದರೆ 'ಎನ್‌ಕ್ರಿಪ್ಟ್ ವಿತ್ ಪಾಸ್‌ವರ್ಡ್' ಎಂದಿರುತ್ತದೆ. 2007ರ ನಂತರದ ಮಾದರಿಯ ಕಡತಗಳಲ್ಲಿ ಇದು ಎಇಎಸ್ ಬಳಸುತ್ತದೆ. ಅದಕ್ಕೂ ಹಳೆಯ ಮಾದರಿಯ ಕಡತವಾದರೆ ಕೀಲಿ ಬಹಳ ಸಡಿಲ. ಹೊಸ ಮಾದರಿಯಲ್ಲಿ ಉಳಿಸಿ ನಂತರ ಹಾಕಿರಿ. ಹಣ ಕೊಡದೆ ಸಿಗುವ ಲಿಬ್ರೆಆಫೀಸ್‌ನಲ್ಲಿಯೂ ಉಳಿಸುವಾಗ ಪಾಸ್‌ವರ್ಡ್ ಹಾಕುವ ಅವಕಾಶವಿದೆ. ಅಂಕಪಟ್ಟಿ, ಪ್ರಶ್ನೆಪತ್ರಿಕೆಗಳಿಗೆ ಇಷ್ಟು ಸಾಕು.

ಎರಡನೆಯದು ಒಂದು ಫೋಲ್ಡರಿಗೆ. ಇದಕ್ಕೆ ಸೆವೆನ್-ಜಿಪ್ ಎಂಬ ಉಚಿತ ತಂತ್ರಾಂಶ ಒಳ್ಳೆಯದು. ಫೋಲ್ಡರಿನ ಮೇಲೆ ಮೌಸಿನ ಬಲಗುಂಡಿ ಒತ್ತಿ 'ಆಡ್ ಟು ಆರ್ಕೈವ್' ಆರಿಸಿ, ಸೆವೆನ್-ಜೆಡ್ ಮಾದರಿ ಇಟ್ಟು, ಪಾಸ್‌ವರ್ಡ್ ಎರಡು ಸಲ ಬರೆಯಿರಿ. ಅಲ್ಲೇ 'ಎನ್‌ಕ್ರಿಪ್ಟ್ ಫೈಲ್ ನೇಮ್ಸ್' ಎಂಬ ಚೌಕಕ್ಕೆ ಗುರುತು ಹಾಕುವುದನ್ನು ಮರೆಯಬೇಡಿ. ಹಾಕದಿದ್ದರೆ ಒಳಗಿನ ಕಾಗದ ಕಾಣದಿದ್ದರೂ ಮಕ್ಕಳ ಹೆಸರುಗಳು ಹೊರಗೆ ಕಾಣುತ್ತವೆ. ನನ್ನ ಫೋಲ್ಡರುಗಳ ಹೆಸರೇ ಮಕ್ಕಳ ಹೆಸರಾಗಿತ್ತು ಎಂಬುದನ್ನು ನೆನೆಯಿರಿ. ದಿನಾಲೂ ತೆರೆದು ಮುಚ್ಚುವ ಕೆಲಸವಿದ್ದರೆ ವೆರಾಕ್ರಿಪ್ಟ್ ಇನ್ನೂ ಅನುಕೂಲ. ಅದು ಕಂಪ್ಯೂಟರಿನಲ್ಲಿ ಒಂದು ಕೀಲಿಪೆಟ್ಟಿಗೆ ಮಾಡಿಕೊಡುತ್ತದೆ. ಪಾಸ್‌ವರ್ಡ್ ಕೊಟ್ಟಾಗ ಅದು ಬೇರೊಂದು ಡ್ರೈವ್‌ನಂತೆ ಕಾಣಿಸುತ್ತದೆ. ಕೆಲಸ ಮುಗಿಸಿ ಮುಚ್ಚಿದರೆ ಅರ್ಥವಿಲ್ಲದ ಒಂದು ಕಡತವಾಗಿ ಕುಳಿತಿರುತ್ತದೆ. ಮೊದಲು ಟ್ರೂಕ್ರಿಪ್ಟ್ ಎಂಬ ತಂತ್ರಾಂಶ ಬಹಳ ಬಳಕೆಯಲ್ಲಿತ್ತು. ಅದನ್ನು ಮಾಡಿದವರು 2014ರಲ್ಲಿ ಕೈಬಿಟ್ಟರು. ಹಳೆಯ ಸಿ.ಡಿ.ಗಳಲ್ಲಿ ಸಿಕ್ಕರೆ ಅದನ್ನು ಹಾಕಿಕೊಳ್ಳಬೇಡಿ.

ಮೂರನೆಯದು ಇಡೀ ಡ್ರೈವ್‌ಗೆ. ಲ್ಯಾಪ್‌ಟಾಪ್ ಕಳುವಾದರೆ ಕಾಯುವುದು ಇದೇ. ವಿಂಡೋಸ್‌ನ ಪ್ರೊ ಆವೃತ್ತಿಯಲ್ಲಿ ಬಿಟ್‌ಲಾಕರ್ ಇದೆ. ಹೋಮ್ ಆವೃತ್ತಿಯ ಅನೇಕ ಹೊಸ ಯಂತ್ರಗಳಲ್ಲಿ 'ಡಿವೈಸ್ ಎನ್‌ಕ್ರಿಪ್ಷನ್' ಎಂಬ ಅದರ ಸರಳ ರೂಪವಿದೆ. ಆಪಲ್ ಕಂಪ್ಯೂಟರಿನಲ್ಲಿ ಫೈಲ್‌ವಾಲ್ಟ್, ಲಿನಕ್ಸ್‌ನಲ್ಲಿ ಲಕ್ಸ್ ಎಂದು ಹೆಸರು. ಪ್ರೊ ಆವೃತ್ತಿ ಇದ್ದವರು ಪೆನ್‌ಡ್ರೈವಿಗೂ ಬಿಟ್‌ಲಾಕರ್ ಹಾಕಬಹುದು. ಹಾಗೆ ಕೀಲಿ ಹಾಕಿದ ಪೆನ್‌ಡ್ರೈವನ್ನು ಹೋಮ್ ಆವೃತ್ತಿಯಲ್ಲಿ ತೆರೆಯಲೂ ಬರುತ್ತದೆ. 2018ರಲ್ಲಿ ನಾನು ಇಷ್ಟು ಮಾಡಿದ್ದರೆ ಸಿಕ್ಕವರ ಕೈಯಲ್ಲಿ ಅದು ಬರೀ ಪ್ಲಾಸ್ಟಿಕ್ಕಿನ ತುಂಡಾಗಿರುತ್ತಿತ್ತು.

ಇಲ್ಲಿ ಒಂದು ಎಚ್ಚರಿಕೆ. ಹೊಸ ಲ್ಯಾಪ್‌ಟಾಪ್ ಕೊಂಡು ಮೈಕ್ರೋಸಾಫ್ಟ್ ಖಾತೆಯಿಂದ ಶುರು ಮಾಡಿದರೆ ಅನೇಕ ಯಂತ್ರಗಳಲ್ಲಿ ಗೂಢಲಿಪೀಕರಣ ತಾನಾಗಿಯೇ ಆರಂಭವಾಗುತ್ತದೆ. ಅದರ ಮರುಪಡೆ ಕೀಲಿ 48 ಅಂಕಿಗಳದು, ಆ ಖಾತೆಯಲ್ಲಿ ಉಳಿದಿರುತ್ತದೆ. ಖಾತೆಯನ್ನು ಅಂಗಡಿಯವರು ತಮ್ಮ ಹೆಸರಿನಲ್ಲಿ ಮಾಡಿಕೊಟ್ಟಿದ್ದರೆ ನಿಮ್ಮ ಮನೆಯ ಕೀಲಿ ಅವರ ಜೇಬಿನಲ್ಲಿದೆ ಎಂದೇ ಅರ್ಥ. ಒಂದು ದಿನ ಯಂತ್ರ ಆ 48 ಅಂಕಿ ಕೇಳಿದರೆ ನೀವು ಹೊರಗೇ ನಿಲ್ಲುತ್ತೀರಿ. ಇಂದೇ ಆ ಅಂಕಿಗಳನ್ನು ಹುಡುಕಿ ಕಾಗದದಲ್ಲಿ ಬರೆದು, ಮನೆಯ ಪಟ್ಟಾ, ಪಹಣಿ ಇಡುವ ಜಾಗದಲ್ಲಿ ಇಡಿ.

ಪಾಸ್‌ವರ್ಡ್ ಹೇಗಿರಬೇಕು? ಮಗುವಿನ ಹೆಸರು, ಹುಟ್ಟಿದ ವರ್ಷ, ಮೊಬೈಲ್ ನಂಬರ್ ಬೇಡವೇ ಬೇಡ. ಚಿಕ್ಕದಾಗಿ ಕಠಿಣವಾಗಿರುವುದಕ್ಕಿಂತ ಉದ್ದವಾಗಿ ನೆನಪಿರುವುದು ಮೇಲು. ಒಂದಕ್ಕೊಂದು ಸಂಬಂಧವಿಲ್ಲದ ಐದಾರು ಶಬ್ದಗಳನ್ನು ಜೋಡಿಸಿ. ತೊಗರಿ, ಕಂದೀಲು, ಗಾಳಿಪಟ, ಸುಣ್ಣ, ಖಿಡಕಿ ಎಂಬಂತೆ. ಇದನ್ನೇ ಇಡಬೇಡಿ, ಸಭೆಯಲ್ಲಿ ಹೇಳಿಬಿಟ್ಟಿದ್ದೇನೆ. ಪ್ರಸಿದ್ಧ ಹಾಡಿನ ಸಾಲು, ಗಾದೆ ಬೇಡ, ಅವನ್ನು ಊಹಿಸುವುದು ಸುಲಭ. ಶಬ್ದ ಕನ್ನಡದ್ದಾಗಿರಲಿ, ಉರ್ದುವಿನದಾಗಿರಲಿ, ಇಂಗ್ಲಿಷ್ ಅಕ್ಷರಗಳಲ್ಲಿ ಟೈಪ್ ಮಾಡಿ. ಯಂತ್ರ ಶುರುವಾಗುವ ಮೊದಲು ಕನ್ನಡ ಕೀಲಿಮಣೆ ಸಿಗುವುದಿಲ್ಲ. ಒಂದೇ ಪಾಸ್‌ವರ್ಡನ್ನು ಎಲ್ಲ ಕಡೆ ಇಡಬೇಡಿ.

ಈಗ ನನ್ನ ಎರಡನೇ ತಪ್ಪನ್ನು ಹೇಳಬೇಕು. ಹೊಸದಾಗಿ ಕಲಿತವರ ಉತ್ಸಾಹ ನಿಮಗೆ ಗೊತ್ತೇ ಇದೆ. ಕಂಡದ್ದಕ್ಕೆಲ್ಲ ಕೀಲಿ ಹಾಕತೊಡಗಿದೆ. ನನ್ನ ತಂದೆಯವರು ತೀರಿಕೊಳ್ಳುವ ಮುನ್ನ ಹಳೆಯ ಕಾಲದ ಮಾತುಗಳನ್ನು ಹೇಳಿದ್ದನ್ನು ಧ್ವನಿಮುದ್ರಣ ಮಾಡಿಕೊಂಡಿದ್ದೆ. ಅದನ್ನೂ ಒಂದು ಕೀಲಿಪೆಟ್ಟಿಗೆಯಲ್ಲಿ ಹಾಕಿ, ಬಹಳ ಜಾಣತನದ ಪಾಸ್‌ವರ್ಡ್ ಇಟ್ಟು, ಹೊರಗಿನ ಪ್ರತಿಯನ್ನು ಅಳಿಸಿದೆ. ಎಲ್ಲಿಯೂ ಬರೆದಿಡಲಿಲ್ಲ. ಎಂಟು ತಿಂಗಳ ನಂತರ ಅದು ನೆನಪಾಗಲಿಲ್ಲ. ಇಂದಿಗೂ ಆಗಿಲ್ಲ. ಆ ಕಡತ ನನ್ನ ಹತ್ತಿರವೇ ಇದೆ, ಒಂದು ಅಕ್ಷರವೂ ಹಾಳಾಗಿಲ್ಲ, ಆದರೆ ತೆರೆಯುವುದಿಲ್ಲ. ಬೀಗ ಒಡೆಯುವ ಬಡಗಿ ಇಲ್ಲಿ ಇಲ್ಲ. ಗಟ್ಟಿಯಾದ ಕೀಲಿ ಯಜಮಾನನನ್ನೂ ಕಳ್ಳನಂತೆಯೇ ಕಾಣುತ್ತದೆ.

ಆದ್ದರಿಂದ ಮೂರು ಮಾತು. ಪಾಸ್‌ವರ್ಡನ್ನು ಕಾಗದದಲ್ಲಿ ಬರೆದು ಕಂಪ್ಯೂಟರಿನಿಂದ ದೂರ, ಬೀರುವಿನಲ್ಲಿ ಇಡಿ. ಶಾಲೆಯ ಕೆಲಸದ್ದಾದರೆ ಮುಚ್ಚಿದ ಲಕೋಟೆಯಲ್ಲಿ ಮುಖ್ಯೋಪಾಧ್ಯಾಯರ ಬಳಿ ಇರಲಿ. ವರ್ಗವಾಗಿ ಹೋಗುವವರು ಕೀಲಿಯನ್ನೂ ಒಪ್ಪಿಸಿ ಹೋಗಬೇಕು. ಮಹತ್ವದ ಕಡತದ ಇನ್ನೊಂದು ಪ್ರತಿ, ಅದಕ್ಕೂ ಕೀಲಿ ಹಾಕಿ, ಬೇರೆ ಜಾಗದಲ್ಲಿ ಇರಲಿ. ಕಳ್ಳರಿಗೆ ಬೇಕಿಲ್ಲದ, ನಮಗೆ ಮಾತ್ರ ಅಮೂಲ್ಯವಾದ ವಸ್ತುಗಳಿಗೆ ಕೀಲಿಗಿಂತ ಇನ್ನೊಂದು ಪ್ರತಿಯೇ ಹೆಚ್ಚು ಮುಖ್ಯ. ಎಲ್ಲಕ್ಕೂ ಕೀಲಿ ಬೇಡ.

ಗೂಢಲಿಪೀಕರಣ ಎಲ್ಲ ರೋಗಕ್ಕೂ ಮದ್ದಲ್ಲ. ಪೆಟ್ಟಿಗೆ ತೆರೆದಿರುವಾಗ ಯಂತ್ರದಲ್ಲಿ ವೈರಸ್ ಇದ್ದರೆ ಅದೂ ಓದುತ್ತದೆ. ಕೀಲಿ ಹಾಕುವ ಮೊದಲಿದ್ದ ಮೂಲ ಕಡತ ರೀಸೈಕಲ್ ಬಿನ್‌ನಲ್ಲಿ, ವಾಟ್ಸ್‌ಆ್ಯಪ್‌ನಲ್ಲಿ, ಇಮೇಲ್‌ನಲ್ಲಿ ಉಳಿದಿದ್ದರೆ ಮುಂಬಾಗಿಲಿಗೆ ಬೀಗ ಹಾಕಿ ಹಿತ್ತಿಲ ಬಾಗಿಲು ತೆರೆದಿಟ್ಟಂತೆ. ಕೀಲಿ ಹಾಕಿದ ಪೆನ್‌ಡ್ರೈವನ್ನು ಪರರ ಕಂಪ್ಯೂಟರಿನಲ್ಲಿ ತೆರೆದರೆ ಪಾಸ್‌ವರ್ಡೂ ಅಲ್ಲಿ ದಾಖಲಾಗಬಹುದು. ಪ್ರಿಂಟಿಗೆ ಹೋಗುವಾಗ ಬೇಕಾದ ಒಂದೆರಡು ಹಾಳೆಯನ್ನು ಮಾತ್ರ ಒಯ್ಯಿರಿ, ಇಡೀ ಕಣಜವನ್ನಲ್ಲ. ಇದೇ ವಿದ್ಯೆಯನ್ನು ದುಷ್ಟರೂ ಬಳಸುತ್ತಾರೆ. 2017ರ ಮೇ ತಿಂಗಳಲ್ಲಿ ವನ್ನಾಕ್ರೈ ಎಂಬ ಪಿಡುಗು ಜಗತ್ತಿನ ತುಂಬ ಜನರ ಕಡತಗಳಿಗೆ ತಾನೇ ಕೀಲಿ ಹಾಕಿ ಒತ್ತೆ ಹಣ ಕೇಳಿತು. 2022ರ ನವೆಂಬರಿನಲ್ಲಿ ದೆಹಲಿಯ ಏಮ್ಸ್ ಆಸ್ಪತ್ರೆಯ ಕಂಪ್ಯೂಟರ್‌ಗಳಿಗೂ ಇಂಥದೇ ದಾಳಿಯಾಗಿ, ದಿನಗಟ್ಟಲೆ ಕೈಬರಹದಲ್ಲಿ ಕೆಲಸ ನಡೆಯಿತು. ಅದಕ್ಕೆ ಮದ್ದು ಕಂಪ್ಯೂಟರಿನಿಂದ ಬಿಚ್ಚಿಟ್ಟ ಇನ್ನೊಂದು ಪ್ರತಿ.

ಕೀಲಿ ಎಷ್ಟೇ ಗಟ್ಟಿಯಾಗಿದ್ದರೂ ಹಿಡಿದ ಕೈ ಸರಿಯಿರಬೇಕು. 2016ರ ಮಾರ್ಚ್‌ನಲ್ಲಿ ನಮ್ಮ ರಾಜ್ಯದ ದ್ವಿತೀಯ ಪಿಯುಸಿ ರಸಾಯನಶಾಸ್ತ್ರದ ಪ್ರಶ್ನೆಪತ್ರಿಕೆ ಸೋರಿಕೆಯಾಗಿ ಪರೀಕ್ಷೆ ರದ್ದಾಯಿತು. ಮಾರ್ಚ್ 31ಕ್ಕೆ ಇಟ್ಟ ಮರುಪರೀಕ್ಷೆಯ ಪತ್ರಿಕೆಯೂ ಸೋರಿತು. ಕೊನೆಗೆ ಏಪ್ರಿಲ್ 12ರಂದು ಪರೀಕ್ಷೆ ನಡೆಯಿತು. ಲಕ್ಷಕ್ಕೂ ಹೆಚ್ಚು ಮಕ್ಕಳು ಒಂದೇ ವಿಷಯಕ್ಕೆ ಮೂರು ಸಲ ಓದಿ ಸಿದ್ಧರಾಗಬೇಕಾಯಿತು. ಮೊಹರು ಮಾಡಿದ ಕಟ್ಟುಗಳು, ಕಾವಲು ಎಲ್ಲ ಇದ್ದವು.

ಗುಟ್ಟು ಇಡುವುದು ಕಳ್ಳತನವಲ್ಲವೇ ಎಂದು ಒಬ್ಬ ಹಿರಿಯರು ನನ್ನನ್ನು ಕೇಳಿದರು. ಅಲ್ಲ. ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು ತಮ್ಮ ಇಳಿವಯಸ್ಸಿನಲ್ಲಿ, 2012ರಲ್ಲಿ, ಹಾಕಿದ ಅರ್ಜಿಯ ಮೇಲೆ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಖಾಸಗಿತನ ಮೂಲಭೂತ ಹಕ್ಕು ಎಂದು ಒಮ್ಮತದಿಂದ ತೀರ್ಪು ಕೊಟ್ಟಿತು. 2024ರಲ್ಲಿ ಅವರು ತೀರಿಕೊಂಡರು. 2023ರಲ್ಲಿ ವೈಯಕ್ತಿಕ ದತ್ತಾಂಶ ರಕ್ಷಣೆಯ ಕಾಯ್ದೆಯೂ ಬಂದಿದೆ. ಪರರ ಮಾಹಿತಿ ಇಟ್ಟುಕೊಳ್ಳುವವರು ಅದನ್ನು ತಕ್ಕ ಭದ್ರತೆಯಲ್ಲಿ ಇಡಬೇಕು ಎಂಬುದು ಅದರ ತಿರುಳು. ಹಾಗೆಂದು ಕೀಲಿ ಎಂದರೆ ಕಾನೂನಿನಿಂದ ಅಡಗುವ ಜಾಗವಲ್ಲ. ಮಾಹಿತಿ ತಂತ್ರಜ್ಞಾನ ಕಾಯ್ದೆಯ 69ನೇ ಕಲಮಿನ ಪ್ರಕಾರ ಅಧಿಕಾರವುಳ್ಳವರು ಕ್ರಮಬದ್ಧವಾಗಿ ಆದೇಶ ಮಾಡಿದರೆ ತೆರೆದು ತೋರಿಸಲು ನೆರವಾಗಬೇಕು. ನಿರಾಕರಿಸಿದರೆ ಏಳು ವರ್ಷದವರೆಗೆ ಜೈಲು ಶಿಕ್ಷೆ ಆಗಬಹುದು.

ಭಾಷಾ ಶಿಕ್ಷಕಿಯಾಗಿ ಒಂದು ಶಬ್ದದ ಮಾತು ಹೇಳಿ ಮುಗಿಸುತ್ತೇನೆ. ಕನ್ನಡದ ಕಚೇರಿ ಭಾಷೆಯಲ್ಲಿ 'ಅಮಾನತು' ಎಂದರೆ ನಮಗೆಲ್ಲ ಎದೆ ಧಸಕ್ಕೆನ್ನುತ್ತದೆ, ನೌಕರಿಯಿಂದ ಸದ್ಯಕ್ಕೆ ದೂರವಿಡುವುದು. ಉರ್ದುವಿನಲ್ಲಿ 'ಅಮಾನತ್' ಎಂದರೆ ಒಬ್ಬರು ನಮ್ಮನ್ನು ನಂಬಿ ಕಾಯಲು ಕೊಟ್ಟ ಒಡವೆ, ಕೇಳಿದಾಗ ಹಾಗೆಯೇ ಮರಳಿಸಬೇಕಾದದ್ದು. ಎರಡನೆಯ ಅರ್ಥವನ್ನು ಮರೆತವರಿಗೆ ಮೊದಲನೆಯದು ಬಂದರೆ ಆಶ್ಚರ್ಯವಿಲ್ಲ. ಒಬ್ಬ ಬಡ ತಂದೆ ತನ್ನ ಮಗಳ ಫೋಟೊ, ಹೆಸರು, ನಂಬರ್ ನಮ್ಮ ಕೈಗೆ ಕೊಡುವಾಗ ರಸೀದಿ ಕೇಳುವುದಿಲ್ಲ. ಕೇಳದಿರುವುದರಿಂದಲೇ ಅದು ಅಮಾನತ್.

ಆ ಹುಡುಗಿ ಹನ್ನೊಂದು ದಿನಗಳ ನಂತರ ಶಾಲೆಗೆ ಬಂದಳು. ಮನೆಯ ನಂಬರ್ ಬದಲಾಗಿತ್ತು. ಮುಂದೆ ಎಸ್ಸೆಸ್ಸೆಲ್ಸಿ ಪಾಸಾದಳು. ಎಲ್ಲ ಹುಡುಗಿಯರ ತಂದೆಯರೂ ಮೂರನೇ ಸಲದ ತನಕ ಬಾಗಿಲು ತೆರೆಯುತ್ತಾರೆಂಬ ಭರವಸೆ ನನಗಿಲ್ಲ.

ಪ್ರಿಯ ಓದುಗರೇ, ಈ ಪುಟ ಮುಚ್ಚಿದ ಮೇಲೆ ನಿಮ್ಮ ಚೀಲದಲ್ಲಿರುವ ಪೆನ್‌ಡ್ರೈವ್ ಒಮ್ಮೆ ತೆಗೆದು ನೋಡಿ. ಅದರಲ್ಲಿ ಯಾರ ಯಾರ ಮಕ್ಕಳಿದ್ದಾರೆ ಎಂದು ಎಣಿಸಿ. ಬೇಡವಾದದ್ದನ್ನು ಅಳಿಸಿ, ಬೇಕಾದದ್ದಕ್ಕೆ ಕೀಲಿ ಹಾಕಿ, ಕೀಲಿಯನ್ನು ಬರೆದಿಡಿ. ಹಾಕಲು ಬರದಿದ್ದವರು ಯಾವ ಭಾನುವಾರವಾದರೂ ಬನ್ನಿ, ಕುಳಿತು ಮಾಡೋಣ.